ಹಾಜರಿಯ ಪುಸ್ತಕ

ಬಂಗಾರಪೇಟೆಯಲ್ಲಿ ಕವಲೊಡೆದ ರೈಲುಮಾರ್ಗವು ಕೋರಮಂಡಲ, ಉರಿಗಾಂ, ಛಾಂಪಿಯನ್ ಎಂಬ ನಿಲ್ದಾಣಗಳನ್ನು ದಾಟಿ ಮಾರಿಕುಪ್ಪಂನಲ್ಲಿ ಬಂದು ನಿಲ್ಲುತ್ತದೆ. ಅಲ್ಲಿಂದ ಮುಂದಕ್ಕೆ ಹಳಿಯಿಲ್ಲ. 1894ನೆಯ ಇಸವಿಯಲ್ಲಿ ಈ ಹತ್ತು ಮೈಲಿಯ ಆಸುಪಾಸಿನ ಮಾರ್ಗವನ್ನು ಹಾಕಿದ್ದು ಚಿನ್ನದ ಗಣಿಗಳ ಸಲುವಾಗಿ. ಯಂತ್ರಗಳೂ ಕಲ್ಲಿದ್ದಲೂ ಮರಮುಟ್ಟುಗಳೂ ಒಳಕ್ಕೆ ಬರುವುದಕ್ಕಾಗಿ. 1902ರಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿಯು ಗಣಿಗಳಿಗೆ ಬಂದಿತು. ಆ ಬಳಿಕ ನೂರು ವರ್ಷಕ್ಕೆ ಒಂದು ಕಡಮೆಯಾಗುವಷ್ಟು ಕಾಲ ಕಳೆದು, 2001ನೆಯ ಇಸವಿ ಫೆಬ್ರವರಿ 28ರಂದು ಗಣಿಗಳೇ ಮುಚ್ಚಿಹೋದುವು. ಅಂದಿನಿಂದ ಈ ಮಾರ್ಗದ ಪ್ರಯೋಜನವು ತಿರುಗುಮುರುಗಾಯಿತು. ಹಿಂದೆ ಊರಿನೊಳಕ್ಕೆ ಬೇಕಾದುದನ್ನು ತಂದು ಹಾಕುತ್ತಿದ್ದ ಬಂಡಿಯು ಈಗ ಊರಿನ ಜನವನ್ನೇ ಬೆಳಗಿನ ಜಾವದಲ್ಲಿ ಹೊರಕ್ಕೆ ಒಯ್ದು, ರಾತ್ರಿ ತಂದು ಬಿಡುತ್ತದೆ. ಬೆಂಗಳೂರಿನ ಕಟ್ಟಡಗಳನ್ನು ಕಾಯುವವರು, ಗುಡಿಸುವವರು, ಅಂಗಡಿಗಳಲ್ಲಿ ಲೆಕ್ಕ ಬರೆಯುವವರು, ಗಾರೆಕೆಲಸದವರು, ಇವರೆಲ್ಲರ ಸಂದಿಯಲ್ಲಿ ಪುಸ್ತಕದ ಚೀಲವನ್ನು ಎದೆಗೊತ್ತಿಕೊಂಡು ನಿಂತ ವಿದ್ಯಾರ್ಥಿಗಳು. ಈ ಲೇಖನವು ಅಂತಹ ವಿದ್ಯಾರ್ಥಿಯೊಬ್ಬನ ವಿಷಯ.

ಆತನ ತಾತನೂ ಮುತ್ತಾತನೂ ಗಣಿಗೆ ಇಳಿದವರು. ತಂದೆಗೆ ಗಣಿಯಲ್ಲಿದ್ದ ಕೆಲಸವು ಅದು ಮುಚ್ಚಿದ ದಿನ ಹೋಯಿತು. ಆ ಮೇಲೆ ವೈಟ್‌ಫೀಲ್ಡಿನ ಒಂದು ಕಟ್ಟಡದಲ್ಲಿ ರಾತ್ರಿಯ ಕಾವಲು. ಮನೆಯ ಮಾತು ತಮಿಳು. ಓದಿದ ಮಾತು ಕನ್ನಡ. ಬೀದಿಯಲ್ಲಿ ತೆಲುಗೂ ಸೇರಿಕೊಂಡದ್ದು. ಇದು ಆ ಸೀಮೆಯಲ್ಲಿ ಯಾರಿಗೂ ವಿಶೇಷವಲ್ಲ. 2016ರಲ್ಲಿ ಆತನು ಬೆಂಗಳೂರಿನ ಒಂದು ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರದ ತರಗತಿಗೆ ಸೇರಿದನು. ಕಾಲೇಜಿನ ಹೆಸರು ಇಲ್ಲಿ ಬೇಡ. ಇಲ್ಲಿ ಹೇಳುವ ಸಂಗತಿಯು ಬೇರೆಡೆ ನಡೆಯದ ಸಂಗತಿಯೇನೂ ಅಲ್ಲ.

ಮೊದಲನೆಯ ಪಾಠ ಒಂಬತ್ತು ಗಂಟೆಗೆ. ಮಾರಿಕುಪ್ಪಂನಿಂದ ಹೊರಟ ಬಂಡಿಯು ಬಂಗಾರಪೇಟೆಯವರೆಗೆ ತನ್ನ ಇಷ್ಟದಂತೆ ಬರುವುದುಂಟು. ಅಲ್ಲಿ ಮದರಾಸಿನ ಕಡೆಯ ಹೆದ್ದಳಿಯನ್ನು ಸೇರಿದ ಮೇಲೆ ಅದು ಸ್ವತಂತ್ರವಲ್ಲ. ಹಿಂದಿನಿಂದ ಬರುವ ವೇಗದ ಬಂಡಿಗಳಿಗೆ ದಾರಿ ಬಿಟ್ಟುಕೊಟ್ಟು, ಟೇಕಲ್ಲಿನಲ್ಲೊಮ್ಮೆ, ಮಾಲೂರಿನಲ್ಲೊಮ್ಮೆ, ಕೃಷ್ಣರಾಜಪುರದ ಹೊರಗೆ ಇನ್ನೊಮ್ಮೆ, ದೊಡ್ಡವರ ಮನೆಯ ಹೆಬ್ಬಾಗಿಲಲ್ಲಿ ನಿಂತ ಬಡಬಂಧುವಿನಂತೆ ಕಾಯುತ್ತ ಬರಬೇಕು. ಇದಕ್ಕಿಂತ ಮುಂಚಿನ ಬಂಡಿಯೊಂದುಂಟಲ್ಲ ಎಂದು ಕೇಳುವವರುಂಟು. ಅದಕ್ಕೆ ಬರಬೇಕಾದರೆ ಹುಡುಗರೂ, ಹುಡುಗಿಯರೂ ಸಹ, ಕತ್ತಲಲ್ಲಿ ಮುಚ್ಚಿದ ಗಣಿಯ ಗೋಡೆಗಳ ಪಕ್ಕದಲ್ಲಿ ನಡೆದು ಬರಬೇಕು. ಬಂದರೂ ಆ ಬಂಡಿಯೂ ಅದೇ ಹೆದ್ದಳಿಯಲ್ಲಿ ಅದೇ ಕಡೆ ನಿಲ್ಲುತ್ತದೆ. ಸುಂಕವನ್ನು ತಪ್ಪಿಸಿಕೊಳ್ಳಲು ರಾತ್ರಿಯೆಲ್ಲ ಕಾಡುದಾರಿಯಲ್ಲಿ ಗಾಡಿ ಹೊಡೆದ ವ್ಯಾಪಾರಿಯು ಬೆಳಗಾಗುವಾಗ ಸುಂಕದ ಕಟ್ಟೆಯ ಮುಂದೆಯೇ ಇದ್ದನೆಂದು ಶಾಸ್ತ್ರಕಾರರು ಒಂದು ನ್ಯಾಯವನ್ನು ಹೇಳುತ್ತಾರೆ. ಘಟ್ಟಕುಟೀಪ್ರಭಾತವೆಂಬ ಆ ನ್ಯಾಯವನ್ನು ಮಾರಿಕುಪ್ಪಂನ ವಿದ್ಯಾರ್ಥಿಗಳಿಗೆ ಪಾಠ ಹೇಳಿ ತಿಳಿಸಬೇಕಾದುದಿಲ್ಲ.

ಕಾಲೇಜಿನ ಹಾಜರಿಪುಸ್ತಕವು ಪಾಠದ ಮೊದಲ ಐದು ನಿಮಿಷದಲ್ಲಿ ಮುಚ್ಚಿಹೋಗುತ್ತಿತ್ತು. ನೂರಕ್ಕೆ 75ರಷ್ಟು ಹಾಜರಿಯಿಲ್ಲದವರನ್ನು ಆ ವಿಷಯದ ಪರೀಕ್ಷೆಗೆ ಕೂಡಿಸುವಂತಿಲ್ಲ. ಮೊದಲ ಘಂಟೆಗೆ ಬಿದ್ದ ವಿಷಯದಲ್ಲಿ ರೈಲಿನ ಹುಡುಗರಿಗೆ ಈ ಸಂಖ್ಯೆಯು ಎಂದೂ ಕೈಗೆಟುಕುತ್ತಿರಲಿಲ್ಲ. ಭಾಟ್ಟಮೀಮಾಂಸಕರು ಅನುಪಲಬ್ಧಿಯೆಂದು ಒಂದು ಪ್ರಮಾಣವನ್ನು ಒಪ್ಪುತ್ತಾರೆ: ಇದ್ದಿದ್ದರೆ ಕಾಣಬೇಕಾಗಿದ್ದ ವಸ್ತುವು ಕಾಣದಿದ್ದರೆ ಅದರ ಅಭಾವವು ತಿಳಿಯುತ್ತದೆ. ನೆಲದ ಮೇಲೆ ಗಡಿಗೆ ಕಾಣಲಿಲ್ಲ, ಆದ್ದರಿಂದ ಗಡಿಗೆಯಿಲ್ಲ. ಹಾಜರಿಪುಸ್ತಕದ ತರ್ಕವೆಲ್ಲ ಇಷ್ಟೆ. ಗಡಿಗೆಯು ಆ ಹೊತ್ತಿನಲ್ಲಿ ಕೃಷ್ಣರಾಜಪುರದಲ್ಲಿ ನಿಂತಿದೆ, ನಿಂತು ಬೆವರುತ್ತಿದೆ ಎಂಬುದನ್ನು ತಿಳಿಯಲು ಪುಸ್ತಕದಲ್ಲಿ ಅಂಕಣವಿರಲಿಲ್ಲ.

ಕಾಲೇಜಿನಲ್ಲಿ ವಿದ್ಯಾರ್ಥಿಗಳದೊಂದು ಮಂಡಳಿಯಿತ್ತು. ಕರ್ನಾಟಕದಲ್ಲಿ ಕಾಲೇಜುಗಳ ವಿದ್ಯಾರ್ಥಿಸಂಘಗಳಿಗೆ ಹಿಂದೆ ನಡೆಯುತ್ತಿದ್ದ ಬಹಿರಂಗ ಚುನಾವಣೆಗಳು ಹೊಡೆದಾಟ ಬಡಿದಾಟಗಳ ಕಾರಣದಿಂದ 1990ರ ಸುಮಾರಿಗೆ ನಿಂತುಹೋದುವು. ಆ ಮೇಲೆ ಅನೇಕ ಕಡೆ ಉಳಿದದ್ದು, ತರಗತಿಗೊಬ್ಬ ಪ್ರತಿನಿಧಿ, ಅವರೊಳಗಿಂದ ಒಬ್ಬ ಕಾರ್ಯದರ್ಶಿ, ಎಲ್ಲಕ್ಕೂ ಮೇಲೆ ಪ್ರಾಂಶುಪಾಲರು, ಎಂಬ ಸೌಮ್ಯವಾದ ವ್ಯವಸ್ಥೆ. ಈ ಹುಡುಗನನ್ನು ಮೊದಲನೆಯ ವರ್ಷ ತರಗತಿಯ ಪ್ರತಿನಿಧಿಯಾಗಿ ಆರಿಸಿದ್ದು ಆತನ ಗುಣಕ್ಕಾಗಿ ಎಂದರೆ ಸುಳ್ಳಾದೀತು. ಬೇರೆ ಯಾರೂ ಕೈಯೆತ್ತಲಿಲ್ಲ. ಆ ಹೊತ್ತಿಗೆ ಸರಿಯಾಗಿ ಬಾಗಿಲಲ್ಲಿ ತಡವಾಗಿ ಬಂದು ನಿಂತವನು ಈತ. ತರಗತಿಯು ನಕ್ಕು ಈತನ ಹೆಸರು ಹೇಳಿತು.

ವಿನೋದಕ್ಕೆ ಕೊಟ್ಟ ಪದವಿಯನ್ನು ಆತನು ವಿನೋದವೆಂದು ತಿಳಿಯಲಿಲ್ಲ. ಆ ಬಂಡಿಯಲ್ಲಿ ಅದೇ ಕಾಲೇಜಿಗೆ ಬರುವವರನ್ನು ಎಣಿಸಿದನು, ಇಪ್ಪತ್ತೆರಡು ಮಂದಿಯಾದರು. ಅವರ ಪರವಾಗಿ ಹಾಜರಿಯ ವಿಷಯವನ್ನು ಮಂಡಳಿಯಲ್ಲಿ ಎತ್ತಬೇಕೆಂದು ನಿಶ್ಚಯವಾಯಿತು. ಆದರೆ ಮಂಡಳಿಯ ಸಭೆಗಳು ಸೇರುತ್ತಿದ್ದುದು ಸಾಯಂಕಾಲ ಪಾಠಗಳು ಮುಗಿದ ಮೇಲೆ, ರೈಲಿನ ಹುಡುಗರು ನಿಲ್ದಾಣಕ್ಕೆ ಓಡುವ ಹೊತ್ತಿನಲ್ಲಿ. ಅಲ್ಲದೆ, ವಿಷಯಗಳ ಪಟ್ಟಿಯನ್ನು ಸಿದ್ಧಮಾಡುವವನು ಕಾರ್ಯದರ್ಶಿ. ಹಾಗಾದರೆ ಮುಂದಿನ ವರ್ಷ ಕಾರ್ಯದರ್ಶಿಯೇ ಏಕಾಗಬಾರದು? ಇಪ್ಪತ್ತೆರಡು ಮಂದಿಯೂ ಹೌದೆಂದರು. ಬಂಡಿಯ ಹಳೆಯ ಪ್ರಯಾಣಿಕರು, ಕಾಲೇಜಿನ ಮೆಟ್ಟಿಲನ್ನು ಎಂದೂ ಹತ್ತದವರು, ಆತನಿಗೆ ‘ರೈಲು ಲೀಡರ್’ ಎಂದು ಬಿರುದು ಕೊಟ್ಟರು.

ಇಲ್ಲಿ ಒಂದು ತೊಡಕು ಕಾಣಿಸಿಕೊಂಡಿತು. ವಿದ್ಯಾರ್ಥಿಗಳ ಚುನಾವಣೆಗಳನ್ನು ಕುರಿತು ಲಿಂಗ್ಡೋ ಸಮಿತಿಯವರು ಕೊಟ್ಟ ಸಲಹೆಗಳನ್ನು 2006ರ ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಅಂಗೀಕರಿಸಿತು. ಅಭ್ಯರ್ಥಿಯ ವೆಚ್ಚ 5,000 ರೂಪಾಯಿಯನ್ನು ಮೀರಬಾರದು. ಬಾಕಿ ಉಳಿಸಿಕೊಂಡ ಪರೀಕ್ಷೆಗಳು ಇರಬಾರದು. ವಿಶ್ವವಿದ್ಯಾನಿಲಯವು ಗೊತ್ತುಮಾಡಿದಷ್ಟು ಅಥವಾ ನೂರಕ್ಕೆ 75ರಷ್ಟು, ಯಾವುದು ಹೆಚ್ಚೋ ಅಷ್ಟು ಹಾಜರಿ ಇರಬೇಕು. ಇವು ಸದುದ್ದೇಶದ ನಿಯಮಗಳೇ. ಹಣವೂ ತೋಳ್ಬಲವೂ ಕಾಲೇಜಿನೊಳಕ್ಕೆ ಬರಬಾರದೆಂದೂ, ಓದದವನು ಓದುವವರ ಮುಖಂಡನಾಗಬಾರದೆಂದೂ ಅವುಗಳ ಅಭಿಪ್ರಾಯ. ಆ ಕಾಲೇಜು ಈ ಹಾಜರಿಯ ನಿಯಮವನ್ನು ತನ್ನ ಮಂಡಳಿಯ ನಿಬಂಧನೆಗಳಲ್ಲಿ ಬರೆದುಕೊಂಡಿತ್ತು. ಫಲವೇನಾಯಿತೆಂದರೆ, ಹಾಜರಿಯ ಕಷ್ಟವನ್ನು ಬಲ್ಲವನು ಅದನ್ನು ಹೇಳುವ ಸ್ಥಾನಕ್ಕೆ ಬರುವಂತಿಲ್ಲ. ಆ ಸ್ಥಾನಕ್ಕೆ ಬರಬಲ್ಲವನಿಗೆ ಆ ಕಷ್ಟವಿಲ್ಲ.

ಈ ತೊಡಕನ್ನು ಆತನು ಬಿಡಿಸಿದ ಬಗೆ ಸುಲಭವಾದುದು. ಆ ಕಾರಣದಿಂದಲೇ ಅಪಾಯಕರವಾದುದು. 2017ರ ಆರಂಭದಲ್ಲಿ ಆತನು ರೈಲನ್ನು ಬಿಟ್ಟನು. ಕೃಷ್ಣರಾಜಪುರದಲ್ಲಿ ನಾಲ್ವರು ಹುಡುಗರು ಸೇರಿ ಹಿಡಿದಿದ್ದ ಕೋಣೆಯಲ್ಲಿ ಐದನೆಯವನಾಗಿ ಸೇರಿಕೊಂಡನು. ಬಾಡಿಗೆಯ ಪಾಲನ್ನು ತಂದೆಯು ಸಂಬಳದಿಂದ ಎತ್ತಿ ಕೊಟ್ಟರು. ಆ ಅರ್ಧವರ್ಷದಲ್ಲಿ ಆತನ ಹಾಜರಿಯು ನಿಯಮವನ್ನು ಮೀರಿ ಬೆಳೆಯಿತು. ಮುಂದಿನ ಆಗಸ್ಟಿನಲ್ಲಿ ಪ್ರತಿನಿಧಿಗಳ ಸಭೆಯಲ್ಲಿ ಮತ ತೆಗೆದಾಗ ಆತನು ಕಾರ್ಯದರ್ಶಿಯಾದನು. ಆ ದಿನ ಇಪ್ಪತ್ತೆರಡು ಮಂದಿಯೂ ಸಾಯಂಕಾಲದ ಬಂಡಿಯನ್ನು ಬಿಟ್ಟು, ಕಾದಿದ್ದು, ರಾತ್ರಿಯ ಬಂಡಿಯಲ್ಲಿ ಹೋದರು. ಈತನು ನಿಲ್ದಾಣದವರೆಗೆ ಅವರ ಜೊತೆಯಲ್ಲಿ ನಡೆದು ಬಂದು, ಬಂಡಿ ಹೊರಟ ಮೇಲೆ ಕೋಣೆಗೆ ಹಿಂದಿರುಗಿದನು.

ಅಧಿಕಾರದ ಮೊದಲ ತಿಂಗಳುಗಳಲ್ಲಿ ಆತನು ಮಾಡಿದ್ದೇನು? ಕೆಟ್ಟದ್ದೇನನ್ನೂ ಮಾಡಲಿಲ್ಲ. ಗಣೇಶೋತ್ಸವವಾಯಿತು, ಶಿಕ್ಷಕರ ದಿನವಾಯಿತು, ಹೊಸಬರ ಸ್ವಾಗತವಾಯಿತು, ಕನ್ನಡ ರಾಜ್ಯೋತ್ಸವವಾಯಿತು. ಧ್ವನಿವರ್ಧಕದವನಿಗೆ ಮುಂಗಡ, ಅತಿಥಿಗಳಿಗೆ ಹಾರ, ಶಾಲು, ಹಣ್ಣಿನ ಬುಟ್ಟಿ, ವೇದಿಕೆಯ ಹಿಂದಿನ ಬಟ್ಟೆಯ ಮೇಲೆ ತನ್ನ ಹೆಸರಿನ ಅಕ್ಷರಗಳು ಎಷ್ಟು ದೊಡ್ಡದಿರಬೇಕೆಂಬ ವಿಚಾರ. ಇಂತಹ ಕೆಲಸಗಳಿಗೆ ಒಂದು ಮದವುಂಟು. ಬೆಳಗಿನಿಂದ ರಾತ್ರಿಯವರೆಗೆ ಓಡಾಡಿಸಿ, ದಣಿಸಿ, ದಣಿವನ್ನೇ ಸೇವೆಯೆಂದು ನಂಬಿಸುತ್ತವೆ. ಸಂಘದ ಕೆಲಸದ ಮೇಲಿರುವವರಿಗೆ ಪಾಠಕ್ಕೆ ಬಾರದಿದ್ದರೂ ಹಾಜರಿ ಕೊಡುವ ಪದ್ಧತಿಯೂ ಅಲ್ಲಿತ್ತು. ಒಂದು ಚೀಟಿಗೆ ಕಾರ್ಯದರ್ಶಿಯ ರುಜು ಬಿದ್ದರೆ ಸಾಕು. ಆತನು ತನಗೂ ತನ್ನ ಸಹಾಯಕರಿಗೂ ಅಂತಹ ಚೀಟಿಗಳಿಗೆ ರುಜು ಹಾಕಿದನು. ಹಾಜರಿಯ ವಿಷಯವು ಸಭೆಯ ಪಟ್ಟಿಯಲ್ಲಿ ಪ್ರತಿ ಸಲವೂ ಇತ್ತು. ಕೊನೆಯಲ್ಲಿತ್ತು. ಹೊತ್ತು ಸಾಲದೆ ಪ್ರತಿ ಸಲವೂ ಮುಂದಕ್ಕೆ ಹೋಗುತ್ತಿತ್ತು.

ನವೆಂಬರಿನಲ್ಲಿ ಪರೀಕ್ಷೆಗೆ ಕೂಡಿಸದವರ ಪಟ್ಟಿಯು ಫಲಕಕ್ಕೆ ಬಂದಿತು. ಅದರಲ್ಲಿ ಛಾಂಪಿಯನ್ ನಿಲ್ದಾಣದಲ್ಲಿ ಬಂಡಿ ಹತ್ತುತ್ತಿದ್ದ ಒಬ್ಬ ಹುಡುಗಿಯ ಹೆಸರಿತ್ತು. ಹಿಂದಿನ ವರ್ಷವೂ ಒಂದು ವಿಷಯದಲ್ಲಿ ಆಕೆಗೆ ಹೀಗೆಯೇ ಆಗಿತ್ತು. ಎರಡನೆಯ ಸಲವೂ ಆದಾಗ ಮನೆಯವರು, ಈ ಓದು ಮುಗಿಯುವ ಓದಲ್ಲವೆಂದು ಬಿಡಿಸಿಬಿಟ್ಟರು. ಇದು ಕಾರ್ಯದರ್ಶಿಗೆ ತಿಳಿದದ್ದು ಮೂರು ವಾರಗಳ ಮೇಲೆ. ಮೊದಲಾಗಿದ್ದರೆ ಆ ದಿನವೇ ತಿಳಿಯುತ್ತಿತ್ತು. ಟೇಕಲ್ಲಿನಲ್ಲಿ ಬಂಡಿ ನಿಂತಾಗ ಯಾರಾದರೂ ಹೇಳುತ್ತಿದ್ದರು. ಈಗ ಅದನ್ನು ಹೇಳಲು ಯಾರೂ ಕೋಣೆಗೆ ಬರಲಿಲ್ಲ. ಬರಬೇಕೆಂದು ತೋರಲೂ ಇಲ್ಲ. ಏಕೆ ಹೇಳಲಿಲ್ಲವೆಂದು ಒಬ್ಬನನ್ನು ಕೇಳಿದಾಗ ಅವನು, ‘ಪಟ್ಟಿ ಫಲಕದ ಮೇಲೇ ಇತ್ತಲ್ಲ, ನಿನ್ನ ಉತ್ಸವದ ಚಿತ್ರಗಳ ಪಕ್ಕದಲ್ಲಿ’ ಎಂದನು. ಅವನ ದನಿಯಲ್ಲಿ ಕೋಪವಿರಲಿಲ್ಲವಂತೆ. ಇದ್ದಿದ್ದರೆ ಒಳ್ಳೆಯದಾಗುತ್ತಿತ್ತು.

ಡಿಸೆಂಬರಿನಲ್ಲಿ ಆತನು ಕೋಣೆಯನ್ನು ಬಿಟ್ಟು ಮತ್ತೆ ಮಾರಿಕುಪ್ಪಂನಿಂದ ಬರತೊಡಗಿದನು. ಇದನ್ನು ತ್ಯಾಗವೆಂದು ಹೊಗಳಬೇಕಾದುದಿಲ್ಲ. ತಂದೆಗೆ ಬಾಡಿಗೆಯ ಹಣ ಉಳಿಯಿತು. ಆತನಿಗೆ ಅವಮಾನ ಕಳೆಯಬೇಕಾಗಿತ್ತು. ಒಂದು ಸಣ್ಣ ಪುಸ್ತಕವನ್ನು ಕೊಂಡು, ದಿನವೂ ಬಂಡಿಯು ಎಲ್ಲೆಲ್ಲಿ ಎಷ್ಟೆಷ್ಟು ನಿಮಿಷ ನಿಂತಿತು, ನಿಲ್ದಾಣಕ್ಕೆ ಎಷ್ಟು ಗಂಟೆಗೆ ಬಂದಿತು, ಕಾಲೇಜಿನ ಬಾಗಿಲಿಗೆ ತಾವು ಎಷ್ಟು ಗಂಟೆಗೆ ಬಂದೆವು ಎಂದು ಬರೆಯತೊಡಗಿದನು. ತಮ್ಮದೂ ಒಂದು ಹಾಜರಿಪುಸ್ತಕವಿರಲಿ ಎಂದು ಜೊತೆಯವರು ಹಾಸ್ಯ ಮಾಡಿದರು.

ಹುಡುಗರಲ್ಲಿ ಕೆಲವರಿಗೆ ಇದು ಸಾಕೆನಿಸಲಿಲ್ಲ. ಪಾಠಗಳನ್ನು ಬಿಟ್ಟು ಹೊರಗೆ ಕೂಡಬೇಕೆಂದರು. ವಿದ್ಯಾರ್ಥಿಗಳು ಪಾಠ ಬಿಟ್ಟು ಹೊರಬಂದ ಕಾಲಗಳು ಈ ನಾಡಿನಲ್ಲಿ ಉಂಟು. 1942ರಲ್ಲಿ ಬಂದರು, 1947ರಲ್ಲಿ ಮೈಸೂರು ಸಂಸ್ಥಾನದಲ್ಲಿ ಜವಾಬ್ದಾರಿ ಸರಕಾರಕ್ಕಾಗಿ ಬಂದರು, ಆ ಸೆಪ್ಟೆಂಬರಿನಲ್ಲಿ ಮೈಸೂರು ನಗರದಲ್ಲಿ ಗುಂಡಿಗೆ ಸಿಕ್ಕಿ ತೀರಿಕೊಂಡ ರಾಮಸ್ವಾಮಿಯೆಂಬ ವಿದ್ಯಾರ್ಥಿಯ ಹೆಸರನ್ನು ಅಲ್ಲಿಯ ವೃತ್ತವೊಂದು ಹೊತ್ತಿದೆ. ಅವರಿಗೆ ಹಾಜರಿಪುಸ್ತಕದಿಂದ ಹೊರಕ್ಕೆ ಬರುವುದೇ ಹೋರಾಟವಾಗಿತ್ತು. ಇವರಿಗೆ ಬೇಕಾದದ್ದು ಅದರೊಳಕ್ಕೆ ಹೋಗುವುದು. ಈಗಾಗಲೇ ಗೈರುಹಾಜರೆಂದು ಬರೆಸಿಕೊಂಡವರು ಇನ್ನೂ ಗೈರುಹಾಜರಾದರೆ ಗಮನಿಸುವವರು ಯಾರು? ಮಾತು ಅಲ್ಲಿಗೆ ನಿಂತಿತು.

2018ರ ಜನವರಿಯಲ್ಲಿ ಕಾಲೇಜಿಗೆ ಬೆರಳಚ್ಚನ್ನು ಹಿಡಿಯುವ ಯಂತ್ರವು ಬಂದಿತು. ಇನ್ನು ಮೇಲೆ ಬಾಗಿಲಲ್ಲಿ ಬೆರಳೊತ್ತಿ ಒಳಕ್ಕೆ ಬರಬೇಕು. ಬಂದ ನಿಮಿಷವನ್ನು ಯಂತ್ರವು ತಾನೇ ಬರೆದುಕೊಳ್ಳುತ್ತದೆ. ಮನೆಯಲ್ಲಿ ಇದನ್ನು ಹೇಳಿದಾಗ ತಾತನಿಗೆ ಹಳೆಯದೊಂದು ಸಂಗತಿಯು ನೆನಪಿಗೆ ಬಂದಿತು. 1930ರಲ್ಲಿ ಗಣಿಗಳ ಆಡಳಿತದವರು ಕೂಲಿಗಳೆಲ್ಲರ ಬೆರಳಚ್ಚನ್ನು ತೆಗೆದು ದಾಖಲೆಮಾಡಬೇಕೆಂದು ಹೊರಟಾಗ, ಅದು ಕಳ್ಳಕಾಕರಿಗೆ ಮಾಡುವ ಉಪಚಾರವೆಂದು ಬಗೆದು, ಸಹಸ್ರಗಟ್ಟಲೆ ಕೆಲಸಗಾರರು ಮುಷ್ಕರ ಹೂಡಿ ಗಣಿಗೆ ಇಳಿಯದೆ ಉಳಿದರು. ಮನೆಯ ಮುತ್ತಾತನೂ ಅವರಲ್ಲೊಬ್ಬನೆಂದು ಹೇಳಿಕೆ. ‘ಅವನು ಬೆರಳು ಕೊಡೆನೆಂದು ಕೂಲಿ ಬಿಟ್ಟ, ನೀನು ಬೆರಳು ಕೊಡುವುದಕ್ಕೆ ಕೋಳಿ ಕೂಗುವ ಮೊದಲು ಏಳುತ್ತೀಯೆ’ ಎಂದು ಮುದುಕನು ಬಹಳ ಹೊತ್ತು ನಕ್ಕನು. ಮೊಮ್ಮಗನಿಗೆ ಆ ನಗು ಹಿಡಿಸಲಿಲ್ಲ. ಆದರೆ ಆ ರಾತ್ರಿ ಆತನಿಗೆ ಒಂದು ಯುಕ್ತಿ ಹೊಳೆದದ್ದು ಆ ನಗುವಿನಿಂದಲೇ ಎಂದು ಹೇಳಬಹುದು.

ಯಂತ್ರವು ಮುಖನೋಡುವುದಿಲ್ಲ, ಅಧ್ಯಾಪಕರ ಬೇಸರವೂ ಅದಕ್ಕಿಲ್ಲ. ಬಂದವನನ್ನು ತಡವಾದರೂ ಬಂದನೆಂದೇ ಬರೆಯುತ್ತದೆ. ಏಪ್ರಿಲಿನಲ್ಲಿ ಆತನು ತನ್ನ ಪುಸ್ತಕವನ್ನು ತೆಗೆದುಕೊಂಡು ಪ್ರಾಂಶುಪಾಲರಲ್ಲಿಗೆ ಹೋಗಿ, ಇಪ್ಪತ್ತೊಂದು ಮಂದಿಯ ಯಂತ್ರದ ಲೆಕ್ಕವನ್ನು ತರಿಸಿ ನೋಡಬೇಕೆಂದು ಬೇಡಿದನು. (ಇಪ್ಪತ್ತೆರಡರಲ್ಲಿ ಒಬ್ಬಳು ಆಗ ಇರಲಿಲ್ಲ.) ಅವರು ಗಣಿತವನ್ನು ಕಲಿಸಿದವರು, ಅಂಕೆಗಳನ್ನು ಕಂಡರೆ ಪಕ್ಕಕ್ಕೆ ತಳ್ಳುವ ಅಭ್ಯಾಸವಿಲ್ಲ. ತರಿಸಿದರು. ಬೇರೆ ಬೇರೆ ತರಗತಿಗಳ ಇಪ್ಪತ್ತೊಂದು ಹೆಸರುಗಳು; ದಿನದಿನಕ್ಕೂ ಹೊತ್ತು ಬೇರೆ; ಆದರೆ ಒಂದೊಂದು ದಿನದಲ್ಲಿಯೂ ಎಲ್ಲ ಹೆಸರುಗಳೂ ಮೂರು ನಾಲ್ಕು ನಿಮಿಷಗಳ ಒಳಗೆ, ಒಂದರ ಬೆನ್ನಿಗೆ ಒಂದು. ಪಕ್ಕದಲ್ಲಿ ಹುಡುಗನ ಪುಸ್ತಕದ ಬಂಡಿಯ ಹೊತ್ತು. ಇಷ್ಟು ಮಂದಿ ಸೋಮಾರಿಗಳು ಪ್ರತಿ ದಿನವೂ ಒಂದೇ ನಿಮಿಷಕ್ಕೆ ಸೋಮಾರಿತನವನ್ನು ಮುಗಿಸಿ ಬರಲಾರರು. ಹಗಲು ಉಣ್ಣದ ದೇವದತ್ತನು ದಪ್ಪಗಿದ್ದರೆ ರಾತ್ರಿ ಉಣ್ಣುತ್ತಿರಬೇಕೆಂದು ಊಹಿಸುವ ಅರ್ಥಾಪತ್ತಿಯು ಇದೇ. ಪ್ರಾಂಶುಪಾಲರು ಆ ಹೆಸರನ್ನು ಕೇಳಿದ್ದರೋ ಇಲ್ಲವೋ, ಅದರ ಬಲವನ್ನು ಮಾತ್ರ ಒಪ್ಪಿಕೊಂಡರು.

ಒಪ್ಪಿಗೆಯು ಪೂರ್ತಿಯಾದುದಲ್ಲ. ತಿಂಗಳ ರೈಲುಚೀಟಿಯನ್ನು ತೋರಿಸಿದವರಿಗೆ ಮೊದಲ ಘಂಟೆಯ ಹಾಜರಿಯನ್ನು ಘಂಟೆಯ ಕೊನೆಯಲ್ಲಿ ತೆಗೆದುಕೊಳ್ಳತಕ್ಕದ್ದು. ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ತಡವಾದರೆ ಇಲ್ಲ. ಇದು ಮುಂದಿನ ಜೂನಿನಿಂದ. ಅಧ್ಯಾಪಕರಲ್ಲಿ ಇಬ್ಬರು ಇದಕ್ಕೂ ಗೊಣಗಿದರು. ಅವರ ಪಕ್ಷದಲ್ಲಿಯೂ ನ್ಯಾಯವಿಲ್ಲದಿಲ್ಲ; ನಡುವೆ ಬಾಗಿಲು ತೆರೆದು ಇಪ್ಪತ್ತು ಮಂದಿ ಒಳಕ್ಕೆ ಬಂದರೆ ಹೇಳುತ್ತಿದ್ದ ಪಾಠದ ಎಳೆ ಕಡಿಯುತ್ತದೆ. ಅದನ್ನು ಪಾಠ ಹೇಳಿದವರೇ ಬಲ್ಲರು.

ಆದರೆ ಆ ಅರ್ಧವರ್ಷಕ್ಕೆ ಹಳೆಯ ನಿಯಮವೇ. ಮೇ ತಿಂಗಳಿನಲ್ಲಿ ಫಲಕಕ್ಕೆ ಬಂದ ಪಟ್ಟಿಯಲ್ಲಿ ಕಾರ್ಯದರ್ಶಿಯ ಹೆಸರೂ ಇತ್ತು. ಸಂಘದ ಕೆಲಸದ ಚೀಟಿಗಳಿಗೆ ರುಜು ಹಾಕಿಕೊಂಡಿದ್ದರೆ ತಪ್ಪಿಸಿಕೊಳ್ಳಬಹುದಾಗಿತ್ತು. ಡಿಸೆಂಬರಿನಿಂದೀಚೆಗೆ ಆತನು ತನ್ನ ಹೆಸರಿಗೆ ಒಂದು ಚೀಟಿಯನ್ನೂ ಬರೆದಿರಲಿಲ್ಲ. ಇದನ್ನು ಮೂರ್ಖತನವೆಂದು ಮಂಡಳಿಯ ಗೆಳೆಯರು ಹೇಳಿದರು, ತಂದೆಯೂ ಹೇಳಿದರು. ಆ ವಿಷಯವನ್ನು ಆತನು ಮರುವರ್ಷ ಬರೆದು ಮುಗಿಸಿದನು. ಪರೀಕ್ಷೆಯ ಬಾಕಿ ಇದ್ದವನು ಮಂಡಳಿಗೆ ನಿಲ್ಲುವಂತಿಲ್ಲವಾದ್ದರಿಂದ, ಕೊನೆಯ ವರ್ಷದಲ್ಲಿ ಆತನು ಬರಿಯ ವಿದ್ಯಾರ್ಥಿ.

ಆ ವರ್ಷದ ಡಿಸೆಂಬರಿನಲ್ಲಿ ಕೆ.ಜಿ.ಎಫ್. ಎಂಬ ಚಲಚ್ಚಿತ್ರವು ತೆರೆಗೆ ಬಂದಿತು. ಗಣಿಗಳ ಸಯನೈಡ್ ಮಣ್ಣಿನ ದಿಬ್ಬಗಳ ನಡುವೆ ಅದನ್ನು ಚಿತ್ರೀಕರಿಸಿದ್ದರು. ಹುಡುಗನು ಚಿಕ್ಕಂದಿನಿಂದ ಬೇಸಗೆಯ ಗಾಳಿಯಲ್ಲಿ ಕಣ್ಣಿಗೂ ಅನ್ನಕ್ಕೂ ಬೀಳಿಸಿಕೊಂಡ ಧೂಳು ಅದು. ಇದ್ದಕ್ಕಿದ್ದಂತೆ ಕಾಲೇಜಿನವರೆಲ್ಲರಿಗೂ ಆತನ ಊರಿನ ಮೇಲೆ ಪ್ರೀತಿ ಹುಟ್ಟಿತು. ಅಲ್ಲಿ ಈಗಲೂ ಚಿನ್ನ ಸಿಗುತ್ತದೆಯೇ ಎಂದು ಕೇಳಿದರು. ಹಿಂದೆ ಈತನನ್ನು ಕಂಡರೆ ಕೈಗಡಿಯಾರವನ್ನು ನೋಡುತ್ತಿದ್ದವರೂ ಈಗ ಹೆಗಲ ಮೇಲೆ ಕೈ ಹಾಕಿದರು.

ಅಂತಹದೊಂದು ದಿನ ಸಾಯಂಕಾಲದ ಬಂಡಿಯಲ್ಲಿ ಆತನು ನಿಂತಿದ್ದಾಗ, ವೈಟ್‌ಫೀಲ್ಡಿನಲ್ಲಿ ಛಾಂಪಿಯನ್ನಿನ ಆ ಹುಡುಗಿಯು ಹತ್ತಿದಳು. ಬಟ್ಟೆಯಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ ಸಿಕ್ಕಿತ್ತು. ಬಿಟ್ಟದ್ದು ಕಾಲೇಜನ್ನು ಮಾತ್ರ, ಬಂಡಿಯನ್ನಲ್ಲ. ಹೊಸ ನಿಯಮದ ವಿಷಯವನ್ನು ಆಕೆ ಕೇಳಿದ್ದಳು, ಒಳ್ಳೆಯದಾಯಿತು ಎಂದಳು. ಅದರ ಮೇಲೆ ಇಬ್ಬರಿಗೂ ಮಾತು ತೋರಲಿಲ್ಲ. ಮಾಲೂರಿನಲ್ಲಿ ಇಳಿದವರ ಜಾಗ ತೆರವಾದಾಗ ಆಕೆ ಕೂತು, ಚೀಲವನ್ನು ತೊಡೆಯ ಮೇಲೆ ಎತ್ತಿಕೊಂಡು ಪಕ್ಕದಲ್ಲಿ ಎಡೆ ಮಾಡಿದಳು. ಟೇಕಲ್ಲಿನಲ್ಲಿ ಬಂಡಿ ನಿಂತಿತು. ದೀಪಗಳನ್ನು ಉರಿಸಿಕೊಂಡು ವೇಗದ ಬಂಡಿಯೊಂದು ಪಕ್ಕದ ಹಳಿಯ ಮೇಲೆ ಸದ್ದುಮಾಡುತ್ತ ಹಾದುಹೋಯಿತು. ಈಗಲೂ ಬರೆಯುತ್ತೀಯಾ ಎಂದು ಆಕೆ ಕೇಳಿದಳು. ಆತನು ಪುಸ್ತಕವನ್ನು ತೆಗೆದನು. ಆಕೆ ಕಿಟಕಿಯ ಬೆಳಕಿಗೆ ಕೈ ಹಿಡಿದು ಗಡಿಯಾರವನ್ನು ನೋಡಿ, ‘ಹನ್ನೊಂದು ನಿಮಿಷ’ ಎಂದಳು, ಆತನು ಬರೆದುಕೊಂಡನು.